ಲೈವಿಗೆ ಹೋಗದ ಸಾಕ್ಷಿ

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ಏನಾದರೊಂದು ಕೆಲಸ ನೆನಪಾಗಿ ಎದ್ದುಬಿಡುತ್ತಿದ್ದೆ. ಒಬ್ಬಂಟಿ ಮುದುಕನಿಗೆ ಅಂಥ ಕೆಲಸವೇನಿರುತ್ತದೆ? ಅಂಜಿಕೆ, ಅಷ್ಟೇ.

ಮದ್ದೂರಿನ ನಮ್ಮ ಚರ್ಚು ಚಿಕ್ಕದು. ಕೊರೋನಾ ಕಾಲದಲ್ಲಿ ಬಾಗಿಲು ಹಾಕಿದಾಗ ಆರಾಧನೆಯನ್ನು ಲೈವ್ ಬಿಡಬೇಕೆಂದರು. ನಾನು ಹೈಸ್ಕೂಲು ಮುಗಿಸಿ ಮಂಡ್ಯದಲ್ಲಿ ರೇಡಿಯೊ, ಟೇಪು ರಿಪೇರಿ ಮಾಡಿಕೊಂಡಿದ್ದವನು. ಕೆಲಸ ನನ್ನ ಪಾಲಿಗೆ ಬಂತು. ಕ್ಯಾಮೆರಾ ಕೊಳ್ಳುವ ಶಕ್ತಿ ಸಭೆಗಿರಲಿಲ್ಲ. ಪಾಸ್ಟರು ಪರದೆ ಒಡೆದ ತಮ್ಮ ಹಳೆಯ ಮೊಬೈಲು ಕೊಟ್ಟರು. ಮದುವೆ ವಿಡಿಯೊ ತೆಗೆಯುವವರೊಬ್ಬರು ಬಿಸಾಡಿದ್ದ ಸ್ಟ್ಯಾಂಡಿನ ಸಡಿಲ ಕಾಲಿಗೆ ಸೈಕಲ್ ಟ್ಯೂಬು ಸುತ್ತಿದೆ. ಕಿಟಕಿಯ ಬೆಳಕಿಗೆ ಪಾಸ್ಟರ ಮುಖ ಕಪ್ಪಾಗಿ ಕಾಣುತ್ತಿತ್ತು, ಅಡ್ಡಲಾಗಿ ಬೆಡ್‌ಶೀಟು ಕಟ್ಟಿದೆ. ಹಳೆಯ ಮಿಕ್ಸರಿನಲ್ಲಿ ಪ್ರತಿ ಮೈಕಿಗೂ ಎರಡು ಗುಂಡಿ: ಒಂದು ಒಳಗಿನ ಸ್ಪೀಕರಿನ ಸದ್ದಿಗೆ, ಇನ್ನೊಂದು ಲೈವಿನ ಸದ್ದಿಗೆ. ಹೆಂಡತಿ ತೀರಿಕೊಂಡ ಮೇಲೆ ಜನ ನನಗಾಗಿ ಕಾದದ್ದೆಂದರೆ ಆ ಮಿಕ್ಸರಿನ ಮುಂದೆಯೇ.

ಚರ್ಚು ತೆರೆದ ಮೇಲೂ ಲೈವು ಮುಂದುವರಿಯಿತು. ಪಾಸ್ಟರ ಪ್ರಸಂಗದ ನಂತರ ಸಾಕ್ಷಿ ಹೇಳುವುದು ನಮ್ಮ ರೂಢಿ. ಆ ವಾರ ದೇವರು ಮಾಡಿದ ಉಪಕಾರವನ್ನು ಎದ್ದು ನಿಂತು ಹೇಳಬೇಕು. ತೀರಿಹೋದ ನನ್ನ ಅಣ್ಣನ ಹೆಂಡತಿ, ನನ್ನ ಅತ್ತಿಗೆ, ಒಂದು ಭಾನುವಾರವೂ ತಪ್ಪಿಸುತ್ತಿರಲಿಲ್ಲ. ಅವರ ಅಕ್ಕ ಮಳವಳ್ಳಿಯಲ್ಲಿ ಹಾಸಿಗೆ ಹಿಡಿದಿದ್ದರು. ಕಿವಿ ಮಂದವಾಗಿ ಫೋನಿನ ಮಾತು ಕೇಳುತ್ತಿರಲಿಲ್ಲ. ಸೊಸೆ ಲೈವನ್ನು ದೊಡ್ಡ ಸ್ಪೀಕರಿಗೆ ಸೇರಿಸಿದರೆ ಮಾತ್ರ ಕೇಳುತ್ತಿತ್ತು. ಅತ್ತಿಗೆಗೆ ಮಂಡಿನೋವು, ಬಸ್ಸು ಹತ್ತಿ ಹೋಗಿಬರಲು ಆಗುತ್ತಿರಲಿಲ್ಲ.

“ಅಕ್ಕೋ, ಕೇಳುಸ್ತಾ ಅಯ್ತಾ? ಎಮ್ಮೆ ಹೆಣ್ಗರ ಆಕ್ತು ಕಣಕ್ಕ. ಸ್ವಾಮಿ ನಡುಸ್ದ. ನೀನು ಗಂಜಿ ಕುಡುದ್ಯಾ?”

“ಇದೇನಮ್ಮೋ, ಸಾಕ್ಷಿನೋ ಕಾಗ್ದವೋ?” ಎಂದು ಹಿಂದಿನಿಂದ ಯಾರೋ ಕೆಣಕಿದರೆ, “ಎಲ್ಡೂವೆ ಕಣ್ಲಾ. ಸ್ವಾಮಿನೂ ಕೇಳ್ಕಳ್ಳಿ, ನಮ್ಮಕ್ಕನೂ ಕೇಳ್ಕಳ್ಳಿ!” ಎನ್ನುತ್ತಿದ್ದರು. ಸಭೆಯೆಲ್ಲ ನಗುತ್ತಿತ್ತು.

ಒಮ್ಮೆ ಮಂಡ್ಯದಿಂದ ಬಂದಿದ್ದ ಹಿರಿಯರೊಬ್ಬರು ನನ್ನ ಬೆನ್ನು ತಟ್ಟಿ, “ಲೈವು ಚೆಂದಾಗ್ ಬತ್ತದೆ ಕಣಯ್ಯ. ಆ ಎಮ್ಮೆ ಪುರಾಣ ಒಂದ ಕಿತ್ತಾಕ್ಬುಡು” ಎಂದರು. ಹೊಗಳಿಕೆ ಕಿವಿಗೆ ಬಿದ್ದು ಎಷ್ಟೋ ವರ್ಷವಾಗಿತ್ತು. ಮುಂದಿನ ಭಾನುವಾರ ಅತ್ತಿಗೆ ಮೈಕು ಹಿಡಿದ ಕೂಡಲೇ ಲೈವಿನ ಗುಂಡಿಯನ್ನು ಸೊನ್ನೆಗೆ ಇಳಿಸಿ ಮೊಬೈಲನ್ನು ಶಿಲುಬೆಯ ಕಡೆ ಹೊರಳಿಸಿದೆ. ಒಳಗೆ ಅವರ ದನಿ ಎಂದಿನಂತೆಯೇ ಮೊಳಗುತ್ತಿತ್ತು. ಅವರಿಗೆ ಗೊತ್ತಾಗಲಿಲ್ಲ. ಆಮೇಲೆ ಪ್ರತಿ ವಾರವೂ ಹಾಗೇ ಮಾಡಿದೆ.

ಕೆಲವು ತಿಂಗಳ ಮೇಲೆ ಮಳವಳ್ಳಿಯ ಆ ಅಕ್ಕ ತೀರಿಕೊಂಡರು. ಮಣ್ಣು ಮುಗಿದ ಮೇಲೆ ಅವರ ಸೊಸೆ ನನ್ನನ್ನು ಪಕ್ಕಕ್ಕೆ ಕರೆದಳು. “ಚಿಕ್ಕತ್ತೆ ಯಾಕೆ ಸಾಕ್ಷಿ ನಿಲ್ಸ್ಬುಟ್ರು? ನಮ್ಮತ್ತೆ ವಾರ ವಾರವೂ ಆ ಶಿಲುಬೆ ನೋಡ್ಕಂಡು, ‘ನನ್ ತಂಗಿ ಮುನಿಸ್ಕಂಡವ್ಳಾ? ನಾನೇನಂದೆ?’ ಅಂತಿದ್ರು. ಕೇಳುದ್ರೆ ನೊಂದ್ಕತಾರೆ ಅಂತ ನಾವೂ ಸುಮ್ಕಿದ್ದೊ.”

“ಮಂಡಿನೋವು” ಎಂದೆ. ಬಾಯಿಗೆ ಬಂದದ್ದು ಅದೇ.

ವಾಪಸು ಬರುವಾಗ ಬಾಡಿಗೆ ಕಾರಿನಲ್ಲಿ ಅತ್ತಿಗೆ ನನ್ನ ಕೈ ಹಿಡಿದುಕೊಂಡರು. “ನಾ ಬರ್ನಿಲ್ಲ ಅಂತ ಕೊರಗ್ದೆ ಓದ್ಲು ಕಣಪ್ಪ ನಮ್ಮಕ್ಕ. ಎಲ್ಲಾನೂ ಯೋಳ್ಕಂಡೆ. ನಿನ್ನಿಂದ.” ಕೈ ಬಿಡಿಸಿಕೊಳ್ಳಲಿಲ್ಲ. ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡುತ್ತಾ ಕೂತೆ.

ಈಗ ಅವರು ಸಾಕ್ಷಿಗೆ ಏಳುವುದಿಲ್ಲ. ಪಾಸ್ಟರು ಕರೆದರೆ, “ಯಾರ್ಗೆ ಯೋಳ್ಲಿ ಬುಡಿ” ಎನ್ನುತ್ತಾರೆ. ನಾನು ವೈರು ಸುತ್ತಿಡುವಾಗ ಬಾಗಿಲಲ್ಲಿ ನಿಂತು, “ಮುದ್ದೆ ಮಾಡಿವ್ನಿ, ಬಾರಪ್ಪ” ಎಂದು ಕರೆಯುತ್ತಾರೆ. ಏನಾದರೊಂದು ನೆಪ ಹೇಳಿ ಮನೆಗೆ ಬಂದು ಒಬ್ಬನೇ ಉಣ್ಣುತ್ತೇನೆ.

ಹೇಳಿದರೆ ಅವರ ನೆಮ್ಮದಿ ಕೆಡುತ್ತದೆ ಎಂದುಕೊಳ್ಳುತ್ತೇನೆ. ಜೊತೆಗೆ ನನ್ನ ಮರ್ಯಾದೆಯೂ ಹೋಗುತ್ತದೆ ಎಂಬುದು ಗೊತ್ತು. ದೇವರ ಮುಂದೆ ಮೊಣಕಾಲೂರಿ ಅತ್ತಿದ್ದೇನೆ, ಮಳವಳ್ಳಿಯ ಆ ಗೋರಿಯ ಹತ್ತಿರವೂ ನಿಂತು ಬಂದಿದ್ದೇನೆ. ಕ್ಷಮೆ ಕೇಳದೆ ಉಳಿದಿರುವುದು ಒಬ್ಬರನ್ನೇ, ಪಕ್ಕದ ಬೀದಿಯಲ್ಲಿರುವ ನನ್ನ ಅತ್ತಿಗೆಯನ್ನು.