ಬಿಸಿಲೆ ಬಸ್ಸಿನ ಸಾಕಮ್ಮ

ಸಾಕಮ್ಮ ಗಂಡಸರಿಗೆ ಹೊಡೆಯುತ್ತಿದ್ದಳು. ಬಿಸಿಲೆಯಿಂದ ಸಕಲೇಶಪುರಕ್ಕೆ ಬರುವ ಬಸ್ಸಿನ ಕಂಡಕ್ಟರ್ ಅವಳು. ಗಿಡ್ಡ ಆಳು, ದಪ್ಪ ಕುತ್ತಿಗೆ, ಬಾಯಿತುಂಬ ಎಲೆಅಡಿಕೆ. ಒಮ್ಮೆ ಕಾಲೇಜು ಹುಡುಗಿಯ ಸೊಂಟಕ್ಕೆ ಕೈ ಹಾಕಿದವನ ಮುಸುಡಿಗೆ ಟಿಕೆಟ್ ಮಿಷನ್ನಿನಲ್ಲೇ ಬಾರಿಸಿದಳು. ಅವನು ಹಲ್ಲು ಉಗುಳಿದ. “ಅದನ್ನೂ ಎತ್ಕಂಡು ಇಳಿಯಲೇ, ನನ್ನ ಬಸ್ಸು ಗಲೀಜಾಯ್ತದೆ” ಎಂದಳು.

ಆ ಕಾಲಕ್ಕಾಗಲೇ ಬಸ್ಸುಗಳಿಗೆ ಪೆಟ್ಟಿಗೆ ಕೂರಿಸಿದ್ದರು. ಬಸ್ಸು ಎಲ್ಲಿದೆ ಎಂದು ಆಫೀಸಿನ ಪರದೆಯ ಮೇಲೆ ಚುಕ್ಕಿಯಾಗಿ ಕಾಣುತ್ತಿತ್ತು. ನಿಲ್ಲಬಾರದ ಕಡೆ ನಿಂತರೆ ಕೂಡಲೇ ಫೋನು ಬರುತ್ತಿತ್ತು. ಆವತ್ತೂ ಬಂತು.

“ಯಾಕಮ್ಮ ಗಾಡಿ ನಿಂತೈತೆ?”

“ಒಬ್ಬನಿಗೆ ಹೊಡೀತಾ ಇವ್ನಿ ಸಾರ್. ಮುಗುದ್ಮೇಲೆ ಹೊಂಡ್ತೀವಿ.”

ಬಸ್ಸೆಲ್ಲ ನಕ್ಕಿತು. ಆ ಚುಕ್ಕಿ ಪ್ರಯಾಣಿಕರ ಫೋನಿನಲ್ಲೂ ಕಾಣುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಮಕ್ಕಳೇ, ನಿಮಗೆ ನೆನಪಿರಲಾರದು. ನನ್ನ ಮಗಳನ್ನು, ಅಂದರೆ ನಿಮ್ಮಮ್ಮನನ್ನು, ಕರೆತರಲು ಅದಾದ ಮೇಲೊಂದು ದಿನ ನಾನು ಬಿಸಿಲೆಗೆ ಹೋಗಿದ್ದೆ. ನಿಮ್ಮಪ್ಪ ತೋಟಕ್ಕೆ ಹೋದ ಹೊತ್ತು ನೋಡಿ ಬಸ್ಸು ಹತ್ತಿದೆವು. ಅವಳ ಒಂದು ಕಣ್ಣು ಬಾತು ಮುಚ್ಚಿತ್ತು, ಕಿವಿಯಿಂದ ರಕ್ತ ಒಸರುತ್ತಿತ್ತು. ನೀವಿಬ್ಬರೂ ಅವಳ ತೊಡೆಯ ಮೇಲೆ ನಿದ್ದೆಹೋಗಿದ್ದಿರಿ. ಸ್ವಲ್ಪ ದೂರ ಬರುವಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ನಿಮ್ಮಪ್ಪನ ದನಿ ನನಗೂ ಕೇಳಿಸಿತು. “ಬಸ್ಸು ಈಗ ತಿರುವು ದಾಟ್ತು. ಹಿಂದ್ಗಡೆನೇ ಬರ್ತಾ ಇವ್ನಿ. ಕತ್ತಿ ಮಡಗ್ಕಂಡೇ ಬರ್ತಾ ಇರೋದು.”

ಸಾಕಮ್ಮ ಫೋನು ಕಿತ್ತುಕೊಂಡು ಆರಿಸಿದಳು. “ನಮ್ಮ ಚುಕ್ಕಿ ನೋಡ್ಕಂಡು ಅಟ್ಟುಸ್ಕಂಡು ಬತ್ತಾವ್ನೆ, ಬೇವರ್ಸಿ.”

ಆ ಕಿರಿದಾದ ದಾರಿಯಲ್ಲಿ ಎದುರು ಬಸ್ಸು ಸಿಕ್ಕರೆ ಎರಡೂ ನಿಲ್ಲಲೇಬೇಕು. ಔಷಧಿ, ಊಟದ ಡಬ್ಬಿಗಳನ್ನು ಕಂಡಕ್ಟರುಗಳು ಕಿಟಕಿಯಲ್ಲೇ ಬದಲಾಯಿಸಿಕೊಳ್ಳುತ್ತಿದ್ದರು. ಅವತ್ತು ಬಿಸಿಲೆ ದಾಟಿ ಘಟ್ಟ ಇಳಿಯುವ ಬಸ್ಸು ಎದುರಾಯಿತು. ಸಾಕಮ್ಮ ನಿಮ್ಮನ್ನು ಒಬ್ಬೊಬ್ಬರನ್ನಾಗಿ ಎತ್ತಿ ಅದರೊಳಕ್ಕೆ ದಾಟಿಸಿದಳು, ನಿಮ್ಮಮ್ಮನನ್ನೂ ತಳ್ಳಿದಳು.

“ವಾಪಸ್ ಅವನ ಕಡೆಗೇ ಕಳುಸ್ತೀಯಲ್ಲವ್ವ!” ಎಂದೆ.

“ಅವ್ನು ನೋಡೋದು ಈ ಬಸ್ಸಿನ ಚುಕ್ಕಿ ಕಣಕ್ಕ. ಘಟ್ಟದೊಳಕ್ಕೆ ಇಳುದ್ರೆ ಸಿಗ್ನಲ್ ಇಲ್ಲ, ಫೋನಿಗೆ ಏನೂ ಕಾಣ್ಸಲ್ಲ. ಅಲ್ಲೀಗಂಟ ಇವನನ್ನ ಹಿಡ್ಕಬೇಕು. ನೀನು ಸೆರಗು ಹೊದ್ದು ಕುಂತ್ಕ, ದೂರದಿಂದ ಮಗಳೇ ಅನ್ನಂಗೆ.”

ನೀವಿದ್ದ ಆ ಬಸ್ಸಿಗೆ ನಿಮ್ಮಪ್ಪನೇ ಜೀಪು ಸರಿಸಿ ದಾರಿ ಬಿಟ್ಟನಂತೆ. ಆಮೇಲೆ ನಮ್ಮನ್ನು ಹಿಂದೆ ಹಾಕಿ ಅಡ್ಡ ನಿಲ್ಲಿಸಿದ. ಬಸ್ಸು ಹತ್ತಿದವನೇ ನನ್ನ ಸೆರಗು ಎಳೆದ. ನನ್ನ ಮುಖ ಕಂಡು ಕೆನ್ನೆಗೆ ಬಿಟ್ಟ ಏಟಿಗೆ ನನಗೆ ಕಣ್ಣು ಕತ್ತಲಿಟ್ಟಿತು. “ಎಲ್ಲವ್ಳೆ?” ಎಂದು ಅರಚಿದ. ತಟ್ಟನೆ ಹೊಳೆಯಿತೇನೋ, ಫೋನು ತೆಗೆದು ಎದುರು ಹೋದ ಬಸ್ಸಿನ ಚುಕ್ಕಿ ಹುಡುಕತೊಡಗಿದ.

ಸಾಕಮ್ಮ ಫೋನು ಕಸಿದು ಕಿಟಕಿಯಿಂದ ಎಸೆದಳು. “ಡ್ರೈವರಣ್ಣ, ಹಿಂದಕ್ ಬುಡು!”

ಮುಂದಿನ ಚಕ್ರದಡಿ ಫೋನು ಪುಡಿಯಾಯಿತು. ಅವನು ಕತ್ತಿ ಬೀಸಿದ. ಮೊದಲ ಏಟು ಸೀಟಿನ ಕಂಬಿಗೆ ಬಿತ್ತು, ಎರಡನೆಯದು ಅವಳ ಭುಜಕ್ಕೆ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅವನ ಸೊಂಟ ತಬ್ಬಿಕೊಂಡು ಮುಂಗೈಗೆ ಹಲ್ಲು ಊರಿದಳು. ಅವನು ಕತ್ತಿಯ ಹಿಡಿಯಿಂದ ಅವಳ ತಲೆಗೆ ಜಜ್ಜುತ್ತಲೇ ಇದ್ದ, ಅವಳು ಹಿಡಿತ ಬಿಡಲಿಲ್ಲ. ಕೊನೆಗೆ ಡ್ರೈವರು ಜಾಕ್ ರಾಡು ಹಿಡಿದು ಬಂದು ಅವನ ಮೊಣಕಾಲಿಗೆ ಬಾರಿಸಿದ. ಜನ ಮೇಲೆ ಬಿದ್ದು ಒದ್ದರು. ಸಾಕಮ್ಮನ ರಕ್ತ ಮೆಟ್ಟಿಲಿನಿಂದ ರಸ್ತೆಗೆ ಇಳಿಯುತ್ತಿತ್ತು. ಅದರಲ್ಲೇ ಕೂತು ಅವಳು ಕೇಳಿದ್ದು ಒಂದೇ: “ಆ ಬಸ್ಸು ಘಟ್ಟ ಇಳೀತಾ?”

ಇಳಿದಿತ್ತು.

ಸಾಕಮ್ಮನ ಬಲಗೈ ಮತ್ತೆ ಮೇಲೇಳಲಿಲ್ಲ. ಹಾಸನದ ಆಸ್ಪತ್ರೆಯಲ್ಲಿ ಅವಳನ್ನು ಕೊನೆಯ ಸಲ ನೋಡಿದೆ. ನಿಮ್ಮಪ್ಪ ಆಗಲೇ ಜಾಮೀನಿನ ಮೇಲೆ ಹೊರಗಿದ್ದ. ಅವನ ಕಡೆಯವರು ವಾರ್ಡಿಗೇ ಬಂದು ಅವಳನ್ನು ಹೆದರಿಸಿ ಹೋಗಿದ್ದರು. ನಾನು ಮಂಚದ ಹತ್ತಿರ ಬಗ್ಗಿ, “ಮಗಳು ಮಕ್ಕಳು ಚೆನ್ನಾಗವ್ರೆ ಕಣವ್ವ, ಈಗ ಅವ್ರು...” ಎಂದು ಊರಿನ ಹೆಸರು ಹೇಳಲು ಹೊರಟೆ.

ಅವಳು ಎಡಗೈಯಿಂದ ನನ್ನ ಬಾಯಿ ಮುಚ್ಚಿದಳು. “ಹೇಳ್ಬ್ಯಾಡ ಕಣಕ್ಕ. ಗೊತ್ತಿಲ್ದಿದ್ರೆ ಯಾವನು ಎಷ್ಟ್ ಬಡುದ್ರೂ ನನ್ ಬಾಯಿಂದ ಬರಕಿಲ್ಲ.”

ನಾನು ಹೇಳಲಿಲ್ಲ. ಹೋದ ವರ್ಷ ಅವಳು ತೀರಿಕೊಂಡಾಗಲೂ, ನೀವು ಯಾವ ಊರಿನಲ್ಲಿ ಬೆಳೆಯುತ್ತಿದ್ದೀರಿ ಎಂಬುದು ಅವಳಿಗೆ ತಿಳಿದಿರಲಿಲ್ಲ.