ಅಜ್ಜಿ ಒರೆಸಿದ ಲೇಸರ್ ಗಾಜು

ನನ್ನ ಕೆಲಸ ಲೇಸರ್ ಪ್ರಯೋಗಾಲಯದಲ್ಲಿ. ಬನಹಟ್ಟಿಯ ಕಾಲೇಜೊಂದರ ವಿದ್ಯಾರ್ಥಿಗಳಿಗೆ ತೋರಿಸಲೆಂದು ನಮ್ಮ ಸಾಹೇಬರನ್ನು ಕಾಡಿ ಬೇಡಿ ಒಂದು ಗಾಜಿನ ಘನವನ್ನು ಪುಟ್ಟ ಡಬ್ಬಿಯಲ್ಲಿಟ್ಟು ತಂದಿದ್ದೆ. ಬೆಲ್ಲದ ತುಣುಕಿನಷ್ಟೇ ದೊಡ್ಡದು. ಒಳಹೊಕ್ಕ ಬೆಳಕನ್ನು ಅದು ಎರಡು ಪಾಲು ಮಾಡಿ, ಒಂದನ್ನು ನೆಟ್ಟಗೆ ಬಿಟ್ಟು ಇನ್ನೊಂದನ್ನು ಪಕ್ಕಕ್ಕೆ ತಿರುಗಿಸುತ್ತದೆ.

ಜಮಖಂಡಿಯಲ್ಲಿ ಬಸ್ಸು ಹತ್ತಿದಾಗ ಪಕ್ಕದ ಸೀಟಿನ ಅಜ್ಜಿ, "ಡಬ್ಬ್ಯಾಗ ಏನೈತವ್ವಾ?" ಅಂದರು. ಮುಚ್ಚಳ ತೆಗೆದು ತೋರಿಸಿದೆ. ನಾನು ಬೇಡ ಅನ್ನುವಷ್ಟರಲ್ಲಿ ಅವರು ಅದನ್ನೆತ್ತಿ, ಹಾ ಎಂದು ಉಸಿರು ಬಿಟ್ಟು, ಸೆರಗಿನಿಂದ ತಿಕ್ಕಿ ಒರೆಸಿಬಿಟ್ಟರು.

"ಧೂಳ ಇತ್ತು. ಈಗ ಛಲೋ ಆತು ನೋಡು."

ನಾನು ಅದನ್ನು ತಟ್ಟನೆ ವಾಪಸು ಇಸಿದುಕೊಂಡೆ. "ಅಜ್ಜಿ, ಕಬ್ಬಿಣ ಕೊಯ್ಯೂ ಬೆಳಕನ್ನೂ ಇದು ತಡಕೋತೈತ್ರಿ. ಅಂಟು ಹಚ್ಚಿದ್ರ ಅದು ಸುಡತೈತಿ ಅಂತ ಎರಡು ಗಾಜು ಬರೇ ಒತ್ತಿ ಕೂಡಿಸ್ಯಾರ. ಆದ್ರ ಮ್ಯಾಲ ಒಂದು ಗೀರು ಬಿದ್ರ ಅಲ್ಲೇ ಸುಟ್ಟು ಹೋಗತೈತಿ."

ಅಜ್ಜಿ ಸೆರಗು ಸರಿಮಾಡಿಕೊಂಡರು. "ನಮ್ಮ ಮನಿಯವರೂ ಹಿಂಗ ಇದ್ರು. ಮುಧೋಳದ ಕುಸ್ತಿ ಕಣದಾಗ ಎಂಥಾ ಪೈಲ್ವಾನಗೂ ಹೆದರಲಿಲ್ಲ. ಮನ್ಯಾಗ ಹಲ್ಲಿ ಕಂಡ್ರ ಮಂಚದ ಮ್ಯಾಲ ಹತ್ತಿ ನಿಲ್ಲತಿದ್ರು."

ಕಾಲೇಜಿನ ಸಣ್ಣ ಲೇಸರ್‌ಗೆ ಘನ ಚೆನ್ನಾಗಿಯೇ ಕೆಲಸ ಮಾಡಿತು. ವಾಪಸು ಹೋದ ಮೇಲೆ ಸಾಹೇಬರು ಸೂಕ್ಷ್ಮದರ್ಶಕದಲ್ಲಿ ಗೀರುಗಳನ್ನು ಕಂಡು, ದೊಡ್ಡ ಲೇಸರ್‌ಗೆ ಇದು ಇನ್ನು ಆಗದು ಎಂದು ಪಕ್ಕಕ್ಕಿಟ್ಟರು. "ಯಾವುದರಿಂದ ಒರೆಸಿದೆ?" ಎಂದು ಕೇಳಿದರು.

"ಹತ್ತಿ ಬಟ್ಟೆಯಿಂದ" ಎಂದೆ. ಅದನ್ನು ಯಾರು ಉಟ್ಟಿದ್ದರೆಂದು ಅವರು ಕೇಳಲಿಲ್ಲ, ನಾನೂ ಹೇಳಲು ಹೋಗಲಿಲ್ಲ.