ಮಿಸ್ ಐವಿಯ ಕೊನೆಯ ಜೋಡಿ

ಮಗಳನ್ನು ಬ್ಯಾಲೆ ತರಗತಿಗೆ ಬಿಡಲು ಫ್ರೀಮ್ಯಾಂಟಲ್‌ಗೆ ಹೋದಾಗಲೆಲ್ಲ ಬಾಗಿಲಲ್ಲೇ ರಾಳದ ಪುಡಿಯ ವಾಸನೆ ಮೂಗಿಗೆ ಬಡಿಯುತ್ತದೆ. ಕಾಲು ಜಾರದಿರಲೆಂದು ಮಕ್ಕಳು ಆ ಪುಡಿಯನ್ನು ಶೂಗೆ ಮೆತ್ತಿಕೊಳ್ಳುತ್ತಾರೆ. ಆಸ್ಪತ್ರೆಯ ಪಾಳಿ ಮುಗಿಸಿ ಸೋತು ಬೆಂಚಿನ ಮೇಲೆ ಕೂತರೆ ಮನಸ್ಸು ನಾನು ಬೆಳೆದ ಅಡಿಲೇಡಿಗೆ, ಗ್ಲೆನೆಲ್ಗ್‌ನ ನನ್ನ ಬ್ಯಾಲೆ ಗುರು ಮಿಸ್ ಐವಿಯ ಮನೆಗೆ ಹೋಗಿಬಿಡುತ್ತದೆ. ಆ ಮನೆ ಈಗಿಲ್ಲ, ಅಪಾರ್ಟ್‌ಮೆಂಟ್ ಎದ್ದಿದೆ. ಆಗ ಆ ಮನೆಯ ಮುಂದಿನ ಕೋಣೆಯೇ ನಮ್ಮ ತರಗತಿ. ಗೋಡೆ ತುಂಬ ಅವರ ಫೋಟೋಗಳು. ಬ್ಯಾಲೆ ಎಂದರೇನೆಂದು ಈ ದೇಶದ ಎಷ್ಟೋ ಊರುಗಳಿಗೆ ಗೊತ್ತಿಲ್ಲದ ಕಾಲದಲ್ಲಿ ಪರ್ತ್‌ನಿಂದ ಬ್ರಿಸ್ಬೇನ್‌ವರೆಗೆ ರೈಲಿನಲ್ಲಿ ಸುತ್ತಿ ಕುಣಿದು ಹೆಸರಾದವರು ಅವರು. ಹೂಬುಟ್ಟಿಗಳ ನಡುವೆ ನಿಂತ ಆ ಹುಡುಗಿಯೇ ಊರುಗೋಲಿನಿಂದ ನಮ್ಮ ಮೊಣಕಾಲು ತಟ್ಟುವ ಈ ಮುದುಕಿ ಎಂದು ನಂಬಲು ನನಗೆ ಒಂದು ವರ್ಷವೇ ಬೇಕಾಯಿತು.

ನನಗೆ ಹತ್ತು ತುಂಬಿದಾಗ, ತಮ್ಮ ಕೊನೆಯ ಪ್ರದರ್ಶನದಲ್ಲಿ ತೊಟ್ಟಿದ್ದ ಗುಲಾಬಿ ಸ್ಯಾಟಿನ್ ಶೂಗಳನ್ನು ಮಿಸ್ ನನ್ನ ಕೈಗಿಟ್ಟರು. ಕುಣಿಯುವ ಮೊದಲು ನಾನು ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದುದು ಅವರಿಗೆ ಮೆಚ್ಚುಗೆಯಾಗಿತ್ತಂತೆ. ಕುಣಿಯುತ್ತಲೇ ಮನೆಗೆ ಬಂದೆ. ಅಮ್ಮ ಬಾಗಿಲಲ್ಲೇ ತಡೆದಳು.

"ಎಷ್ಟ್ ದೊಡ್ಡೋರ್ ಕಾಲಲ್ಲಿದ್ರೂ ಚಪ್ಲಿ ಚಪ್ಲೀನೇ ಕಣೇ. ಆಚೆ ಇಡು."

ಇಟ್ಟೆ. ಬೆಳಗ್ಗೆ ಎದ್ದು ನೋಡಿದರೆ ಮಳೆ ಬಂದು ಹೋಗಿತ್ತು. ಬ್ಯಾಲೆ ಶೂ ಗಟ್ಟಿಯಾಗಿ ನಿಲ್ಲುವುದು ಬಟ್ಟೆಗೆ ಹಾಕಿದ ಅಂಟಿನಿಂದ ಎಂದು ನಮಗೇನು ಗೊತ್ತು? ಅವು ನೆನೆದ ಹಪ್ಪಳದಂತಾಗಿದ್ದವು. "ಒಣಗಿದ್ರೆ ಸರಿಹೋಗತ್ತೆ ಬಿಡು" ಎಂದಳು ಅಮ್ಮ. ಸರಿಹೋಗಲಿಲ್ಲ. ಬೂಷ್ಟು ಹಿಡಿದು ಕಸಕ್ಕೆ ಹೋದವು.

ಜೋಪಾನವಾಗಿ ಇಟ್ಟಿದ್ದೀಯಾ ಎಂದು ಮಿಸ್ ಕೇಳಿದಾಗ ನನ್ನ ಬಾಯಿಂದ ಬಂದದ್ದು, "ಇನ್ ದಿ ಪೂಜಾ ರೂಮ್, ಮಿಸ್." ಅವರ ಕಣ್ಣು ತುಂಬಿತು. ಆಮೇಲೆ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳಿಕೊಂಡು ಹಿಗ್ಗುತ್ತಿದ್ದರು. ಆ ಹಿಗ್ಗು ಕಂಡಾಗಲೆಲ್ಲ ನಾಳೆ ನಿಜ ಹೇಳೋಣ ಎಂದುಕೊಳ್ಳುತ್ತಿದ್ದೆ. ಹಾಗೇ ಎಂಟು ವರ್ಷ ಕಳೆಯಿತು.

ಅವರ ಅಂತ್ಯಕ್ರಿಯೆಗೆ ಅಮ್ಮನೂ ಬಂದಿದ್ದಳು. ಮಿಸ್ ಕುಣಿದ ಊರುಗಳ ಹೆಸರನ್ನೆಲ್ಲ ಓದಿದ ಅವರ ತಂಗಿಯ ಮಗ ಕೊನೆಗೆ, ಆ ಶೂಗಳು ಒಂದು ಇಂಡಿಯನ್ ಮನೆಯ ದೇವರ ಮುಂದಿವೆ, ಅದೇ ಮಿಸ್ ಅವರ ದೊಡ್ಡ ಸಮಾಧಾನವಾಗಿತ್ತು ಎಂದ. ಅಮ್ಮ ನನ್ನತ್ತ ತಿರುಗಿದಳು. ನನಗೆ ತಲೆ ಎತ್ತಲಾಗಲಿಲ್ಲ.

ಮನೆಗೆ ಬಂದವಳೇ ಅಮ್ಮ ಸ್ನಾನ ಮಾಡಿ, ದೇವರ ಗೂಡಿನ ಒಂದು ಮೂಲೆಯಿಂದ ಕುಂಕುಮದ ಬಟ್ಟಲು, ಗಂಟೆ ಎಲ್ಲ ಸರಿಸಿ ಜಾಗ ಮಾಡಿದಳು. ಅಲ್ಲಿಡಲು ನಮ್ಮ ಹತ್ತಿರ ಏನೂ ಇರಲಿಲ್ಲ.